ಅಸಿಟ್ರೋಮ್ ಮಾತ್ರೆ: ನಾನು ಇಟ್ಟುಕೊಂಡಿರುವ ವಾರದ ಲೆಕ್ಕ

ನನ್ನದು ಮೈಟ್ರಲ್ ಜಾಗದ (ಹೃದಯದ ಎಡಭಾಗದ ಮೇಲಿನ, ಕೆಳಗಿನ ಕೋಣೆಗಳ ನಡುವಿನ) ಮೆಕ್ಯಾನಿಕಲ್ ವಾಲ್ವ್, ಅಂದರೆ ಕೃತಕ ಕವಾಟ. ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ನುಂಗುವ ಮಾತ್ರೆಯೇ ಅಸಿಟ್ರೋಮ್. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಅಂಕಿ ಐಎನ್‌ಆರ್; ಕಡಿಮೆಯಾದರೆ ಹೆಪ್ಪಿನ ಭಯ, ಹೆಚ್ಚಾದರೆ ರಕ್ತಸ್ರಾವದ ಭಯ. ಐಎನ್‌ಆರ್ 2.5ರಿಂದ 3.5ರ ನಡುವೆ ಇರಬೇಕು, ಗುರಿ 3. ಅಯೋರ್ಟಿಕ್ ಜಾಗದಲ್ಲಿ (ಹೃದಯದಿಂದ ಮೈಗೆ ರಕ್ತ ಹೊರಡುವ ಬಾಗಿಲಲ್ಲಿ) ಈಗಿನ ಎರಡೆಲೆಯ ವಾಲ್ವ್ ಇದ್ದು, ಹೃದಯದ ಬಡಿತ ಸರಿಯಿದ್ದು, ಬೇರೆ ಅಪಾಯ ಇಲ್ಲದವರಿಗೆ ಸಾಮಾನ್ಯವಾಗಿ 2ರಿಂದ 3 ಸಾಕು. ಮೈಟ್ರಲ್‌ನಲ್ಲಿ ರಕ್ತ ಕಡಿಮೆ ಒತ್ತಡದಲ್ಲಿ ನಿಧಾನವಾಗಿ ಹಾಯುತ್ತದೆ, ಹೆಪ್ಪುಗಟ್ಟುವುದಕ್ಕೆ ಪುರುಸೊತ್ತು ಸಿಗುತ್ತದೆ. ಹಾಗಾಗಿ ಪರಿಚಯದವರ ಅಂಕಿ ನೋಡಿ ನಿಮ್ಮದನ್ನು ಅಳೆಯಬೇಡಿ.

ನಾನು ಲೆಕ್ಕ ಇಡುವುದು ದಿನಕ್ಕಲ್ಲ, ವಾರಕ್ಕೆ. ಸೋಮವಾರ, ಬುಧವಾರ, ಶುಕ್ರವಾರ 3 ಮಿಲಿಗ್ರಾಂ, ಉಳಿದ ನಾಲ್ಕು ದಿನ 2, ಒಟ್ಟು 17. ಐಎನ್‌ಆರ್ 2.1ಕ್ಕೆ ಇಳಿದರೆ ದಿನದ ಮಾತ್ರೆಯನ್ನೇ 4ಕ್ಕೆ ಏರಿಸಿಬಿಡುವ ಆತುರ ಬೇಡ. ವಾರದ ಮೊತ್ತದಲ್ಲಿ ಹತ್ತು-ಹನ್ನೆರಡು ಶೇಕಡಾ ಬದಲಾದರೆ ಸಾಮಾನ್ಯವಾಗಿ ಸಾಕಾಗುತ್ತದೆ: ಐದು ದಿನ 3, ಎರಡು ದಿನ 2, ಅಂದರೆ 19. ಡಾಕ್ಟರಿಗೆ ಫೋನ್ ಮಾಡುವಾಗ ವಾರದ ಮೊತ್ತ, ಹಿಂದಿನ ಮೂರು ರಿಪೋರ್ಟ್, ತಪ್ಪಿದ ಮಾತ್ರೆ, ಹೊಸದಾಗಿ ಶುರುವಾದ ಔಷಧಿ, ಈ ನಾಲ್ಕನ್ನೂ ಮುಂದಿಟ್ಟುಕೊಂಡಿರುತ್ತೇನೆ. ಬದಲಾವಣೆ ಮಾಡುವುದು ಮಾತ್ರ ಅವರೇ. ಮಾಡಿದ ಮರುದಿನವೇ ಪರೀಕ್ಷೆಗೆ ಓಡುವುದಿಲ್ಲ. ರಕ್ತದಲ್ಲಿ ಹೆಪ್ಪುಗಟ್ಟಿಸುವ ಅಂಶಗಳನ್ನು ಸಂಖ್ಯೆಯಿಂದ ಗುರುತಿಸುತ್ತಾರೆ; ಅವುಗಳಲ್ಲಿ ಏಳನೆಯದು ಗಂಟೆಗಳ ಲೆಕ್ಕದಲ್ಲಿ ಇಳಿಯುತ್ತದೆ, ಎರಡನೆಯದು ಇಳಿಯಲು ದಿನಗಳೇ ಬೇಕು. ಅಂಕಿ ಮೊದಲು ಅಲುಗಾಡುತ್ತದೆ, ನಿಜವಾದ ರಕ್ಷಣೆ ನಿಧಾನವಾಗಿ ಹಿಂದೆ ಬರುತ್ತದೆ.

ಮಾತ್ರೆ ಸಂಜೆ 7ಕ್ಕೆ. ಬೆಳಿಗ್ಗೆ ರಕ್ತ ಕೊಟ್ಟರೆ ಮಧ್ಯಾಹ್ನ ರಿಪೋರ್ಟ್ ಬರುತ್ತದೆ, ಅಂದಿನ ಮಾತ್ರೆಯನ್ನೇ ಬದಲಿಸಬಹುದು. ಅಸಿಟ್ರೋಮ್‌ನ ಅರ್ಧಾಯುಷ್ಯ (ಮೈಯಲ್ಲಿ ಔಷಧಿ ಅರ್ಧಕ್ಕೆ ಇಳಿಯುವ ಹೊತ್ತು) 8ರಿಂದ 11 ಗಂಟೆ, ಇದೇ ಕೆಲಸದ ಇನ್ನೊಂದು ಮಾತ್ರೆ ವಾರ್ಫರಿನ್‌ನದು ಅದರ ಮೂರ್ನಾಲ್ಕು ಪಟ್ಟು. ಆದ್ದರಿಂದ ಅಸಿಟ್ರೋಮ್‌ನ ಒಂದು ಮಾತ್ರೆ ತಪ್ಪಿದರೂ ಬೇಗ ಗೊತ್ತಾಗುತ್ತದೆ. ಅದೇ ರಾತ್ರಿ ನೆನಪಾದರೆ ನುಂಗುತ್ತೇನೆ. ಮರುದಿನ ನೆನಪಾದರೆ ಡೈರಿಯಲ್ಲಿ ಸೊನ್ನೆ ಬರೆಯುತ್ತೇನೆ, ಎರಡು ಸೇರಿಸಿ ನುಂಗುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ‘ಅದಿಲ್ಲ, ವಾರ್ಫರಿನ್ ಇದೆ, ಎರಡೂ ಒಂದೇ’ ಅಂದರೆ ತೆಗೆದುಕೊಳ್ಳಲೇಬೇಡಿ. ಮಿಲಿಗ್ರಾಂಗೆ ಮಿಲಿಗ್ರಾಂ ಅವು ಸಮವಲ್ಲ. ವಾರ್ಫರಿನ್ ಸುಮಾರು ಎರಡು ಪಟ್ಟು ಬೇಕಾಗುತ್ತದೆ.

ಜನ ಗಮನಿಸದೇ ಇರುವ ಒಂದು ವಿಷಯ, ರಕ್ತ ತೆಗೆಯುವ ಟ್ಯೂಬು. ಐಎನ್‌ಆರ್ ಪರೀಕ್ಷೆಗೆ (ಲ್ಯಾಬ್ ಚೀಟಿಯಲ್ಲಿ ಪಿಟಿ-ಐಎನ್‌ಆರ್) ತಿಳಿನೀಲಿ ಮುಚ್ಚಳದ ಟ್ಯೂಬು. ಒಳಗೆ ರಕ್ತ ಹೆಪ್ಪುಗಟ್ಟದಂತೆ ಹಿಡಿಯುವ ಸಿಟ್ರೇಟ್ ದ್ರವ ಮೊದಲೇ ಇರುತ್ತದೆ, 0.3 ಮಿಲಿಲೀಟರ್ ಇದ್ದರೆ ರಕ್ತ 2.7 ಮಿಲಿಲೀಟರ್ ಬೇಕು. ಸೂಜಿಗೆ ನರ ಸರಿಯಾಗಿ ಸಿಗದೆ ಅರ್ಧ ಟ್ಯೂಬಿಗೇ ನಿಲ್ಲಿಸಿದರೆ ಸಿಟ್ರೇಟ್ ಹೆಚ್ಚಾಗಿ, ರಕ್ತ ಹೆಪ್ಪುಗಟ್ಟಲು ಹೆಚ್ಚು ಹೊತ್ತು ಹಿಡಿಯುತ್ತದೆ, ಐಎನ್‌ಆರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಆ ಸುಳ್ಳು 4.5 ನೋಡಿ ಮಾತ್ರೆ ಕಡಿಮೆ ಮಾಡಿದರೆ ವಾಲ್ವ್ ಮೇಲೆ ಹೆಪ್ಪು ಕೂರುವ ದಾರಿ ತೆರೆದಂತೆ. ಗೆರೆಯವರೆಗೆ ತುಂಬಿತೇ ಅಂತ ನಾನು ಕಣ್ಣಾರೆ ನೋಡಿಯೇ ಕುರ್ಚಿ ಬಿಡುವುದು. ಕಾರಣವಿಲ್ಲದೆ ಅಂಕಿ ಜಿಗಿದರೆ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕೇ ಎಂದು ಡಾಕ್ಟರನ್ನು ಕೇಳುತ್ತೇನೆ. ಲ್ಯಾಬ್ ಕೂಡ ಆದಷ್ಟು ಒಂದೇ.

ಸೊಪ್ಪು ಬಿಡಬೇಕಾಗಿಲ್ಲ. ನುಗ್ಗೆ, ಪಾಲಕ್, ದಂಟು ಎಲ್ಲದರಲ್ಲೂ ವಿಟಮಿನ್ ಕೆ ಇದೆ, ಅದು ಮಾತ್ರೆಯ ಕೆಲಸಕ್ಕೆ ಎದುರು. ಒಂದು ವಾರ ಪೂರ್ತಿ ಸೊಪ್ಪು, ಮುಂದಿನ ವಾರ ಒಂದೆಲೆಯೂ ಇಲ್ಲ ಅಂದಾಗ ಅಂಕಿ ಕುಣಿಯುತ್ತದೆ. ನಮ್ಮಲ್ಲಿ ವಾರಕ್ಕೆ ಮೂರು ದಿನ, ಹೆಚ್ಚು ಕಡಿಮೆ ಒಂದೇ ಅಳತೆ. ಬಸ್ಸಾರಿಗೆ ನೀರು ಬಸಿದುಬಿಟ್ಟರೆ ಸೊಪ್ಪಿನ ವಿಟಮಿನ್ ಕೆ ಹೋಗುತ್ತದೆ ಅಂದುಕೊಳ್ಳಬೇಡಿ, ಅದು ನೀರಲ್ಲಲ್ಲ, ಜಿಡ್ಡಿನಲ್ಲಿ ಕರಗುವಂಥದ್ದು. ಉಪವಾಸ, ಜ್ವರ, ಭೇದಿಯಲ್ಲಿ ಊಟ ಇಳಿದಾಗ ಐಎನ್‌ಆರ್ ಏರುತ್ತದೆ. ಆಗ ಮೂರ್ನಾಲ್ಕು ದಿನದಲ್ಲೇ ಪರೀಕ್ಷೆ.

ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್ ಅಂಕಿಯನ್ನು ಜೋರಾಗಿ ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಸ್ವಂತವಾಗಿ ಬೇಡ. ಪ್ಯಾರಸಿಟಮಾಲ್ ಕೂಡ ದಿನಕ್ಕೆ 2 ಗ್ರಾಂನಂತೆ ಹಲವು ದಿನ ತೆಗೆದುಕೊಂಡರೆ ಐಎನ್‌ಆರ್ ಏರಬಹುದು. ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್‌ನಿಂದ ಸ್ನಾಯುವಿನೊಳಗೆ ರಕ್ತ ಕಟ್ಟಬಹುದು, ಸೂಜಿ ಹಿಡಿಯುವ ಮೊದಲೇ ಹೇಳಬೇಕು.

‘ಪರೀಕ್ಷೆಯೇ ಬೇಡದ ಹೊಸ ಮಾತ್ರೆ ಇದೆಯಲ್ಲ’ ಅಂತ ಕೇಳುವವರಿದ್ದಾರೆ. ಮೆಕ್ಯಾನಿಕಲ್ ವಾಲ್ವ್‌ನವರಲ್ಲಿ ಅಂಥ ಹೊಸ ಮಾತ್ರೆಗಳಲ್ಲೊಂದಾದ ಡಾಬಿಗಾಟ್ರಾನ್‌ನ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು; ಹೆಪ್ಪೂ ಹೆಚ್ಚು, ರಕ್ತಸ್ರಾವವೂ ಹೆಚ್ಚು ಅಂತ 2013ರಲ್ಲಿ ಪ್ರಕಟವಾಯಿತು. ಅಪಿಕ್ಸಬಾನ್ ಎಂಬ ಇನ್ನೊಂದರ ಪ್ರಯೋಗವೂ 2022ರಲ್ಲಿ ನಿಂತಿತು. ನಮಗೆ ಈ ಹಳೆಯ ಮಾತ್ರೆಯೇ.

ಹಲ್ಲು ಕೀಳಿಸಲು ಮಾತ್ರೆ ನಿಲ್ಲಿಸಬೇಕಾದದ್ದು ಅಪರೂಪ. ಹಿಂದಿನ ದಿನ ಐಎನ್‌ಆರ್ ನೋಡಿ, ಅದು ಮಿತಿಯಲ್ಲಿದ್ದರೆ ಹೊಲಿಗೆ ಮತ್ತು ಟ್ರಾನೆಕ್ಸಾಮಿಕ್ ಆಮ್ಲದ ಮುಕ್ಕಳಿಕೆಯಿಂದ ರಕ್ತ ತಡೆಯುತ್ತಾರೆ. ವಾಲ್ವ್‌ಗೆ ಸೋಂಕು ತಗಲದಂತೆ ಮೊದಲೇ ಕೊಡುವ ಆಂಟಿಬಯಾಟಿಕ್ ಬೇರೆ ವಿಷಯ, ಅದನ್ನು ಮರೆಯಬಾರದು. ಗರ್ಭಿಣಿಯಾಗುವ ಯೋಚನೆ ಇರುವ ಹೆಣ್ಣುಮಕ್ಕಳು ಅದಕ್ಕೆ ಮುಂಚೆಯೇ ಡಾಕ್ಟರ ಹತ್ತಿರ ಕೂತು ಮಾತಾಡಬೇಕು. 6ರಿಂದ 12ನೇ ವಾರದವರೆಗೆ ಈ ಮಾತ್ರೆ ಮಗುವಿಗೆ ತೊಂದರೆ ಮಾಡಬಲ್ಲದು. ಹಾಗಂತ ತಾವೇ ನಿಲ್ಲಿಸಿದರೆ ತಾಯಿಯ ಜೀವಕ್ಕೆ ಅಪಾಯ.

ರಾತ್ರಿ ಮಲಗಿದಾಗ ವಾಲ್ವ್‌ನ ಟಿಕ್ ಟಿಕ್ ಕೇಳುವವರಿಗೆ ಅದರ ದನಿ ಪರಿಚಯವಿರುತ್ತದೆ. ಅದು ಮಂಕಾದರೆ, ಜೊತೆಗೆ ಉಸಿರು ಕಟ್ಟಿದರೆ, ಅಥವಾ ಮಾತು ತೊದಲಿ ಕೈ ಸೋತರೆ ಲ್ಯಾಬ್ ತೆರೆಯಲಿ ಅಂತ ಕಾಯಬೇಡಿ. ನೇರ ಆಸ್ಪತ್ರೆಗೆ ಹೋಗಿ, ಬಾಗಿಲಲ್ಲೇ ‘ಮೆಕ್ಯಾನಿಕಲ್ ವಾಲ್ವ್, ಅಸಿಟ್ರೋಮ್’ ಅಂತ ಹೇಳಿ.