ಮಲ್ಲೇಶ್ವರದ ಗಾಳಿಯನ್ನು ಸ್ಕೂಟರ್ ಮೇಲೆ ಅಳೆದಿದ್ದು

ಅಮ್ಮನಿಗೆ ಉಬ್ಬಸ. ದಿನಾ ಬೆಳಿಗ್ಗೆ ನಡೆದುಕೊಂಡೇ 8ನೇ ಕ್ರಾಸ್ ಮಾರ್ಕೆಟ್‌ಗೆ ಹೋಗುತ್ತಾರೆ. ಯಾವ ರಸ್ತೆಯಲ್ಲಿ ಹೋದರೆ ಹೊಗೆ ಕಡಿಮೆ ಅಂತ ಒಂದು ದಿನ ಕೇಳಿದರು, ನನ್ನ ಹತ್ತಿರ ಉತ್ತರ ಇರಲಿಲ್ಲ. ಪೀಣ್ಯ, ಹೆಬ್ಬಾಳ, ಜಯನಗರ, ಸಿಲ್ಕ್ ಬೋರ್ಡ್ ಹೀಗೆ ಊರಿನಲ್ಲಿ ಗಾಳಿ ಅಳೆಯುವ ಕೇಂದ್ರಗಳಿವೆ. ಆದರೆ ಅವು ಹೇಳುವುದು ಅಲ್ಲಿನ ಗಾಳಿಯ ಕಥೆ, ಸಂಪಿಗೆ ರಸ್ತೆಯ ಫುಟ್‌ಪಾತ್‌ನದ್ದಲ್ಲ ಅಲ್ವಾ?

ಹಾಗಾಗಿ ನಾನೇ ಅಳೆಯಲು ಹೊರಟೆ. ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ 2.5 ಮೈಕ್ರೋಮೀಟರ್‌ಗಿಂತ ಚಿಕ್ಕ ಕಣಗಳನ್ನು ಲೇಸರ್ ಬೆಳಕಿನಿಂದ ಅಳೆಯುವ ಪಿಎಂಎಸ್5003 ಅನ್ನುವ ಚಿಕ್ಕ ಸೆನ್ಸಾರ್, ಅದರ ಅಂಕಿ ಓದಲು ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಜಿಪಿಎಸ್, ಮೆಮೊರಿ ಕಾರ್ಡ್. ಗಾಡಿ ಎಲೆಕ್ಟ್ರಿಕ್ ಸ್ಕೂಟರ್. ಇದು ಮುಖ್ಯ, ಪೆಟ್ರೋಲ್ ಗಾಡಿಯಾದರೆ ಸಿಗ್ನಲ್‌ನಲ್ಲಿ ನಿಂತಾಗ ನಮ್ಮದೇ ಹೊಗೆ ಸೆನ್ಸಾರ್‌ಗೆ ಹೋಗುತ್ತದೆ. ಮೊದಲು ಸೆನ್ಸಾರ್‌ನ ಬಾಯಿಯನ್ನು ಮುಂದಕ್ಕೆ ಮಾಡಿ ಕಟ್ಟಿದ್ದೆ. ವೇಗ ಬದಲಾದ ಹಾಗೆಲ್ಲ ಅಂಕಿ ಕುಣಿಯುತ್ತಿತ್ತು, ಯಾಕೆಂದರೆ ಎದುರುಗಾಳಿ ಒಳಗಿನ ಪುಟ್ಟ ಫ್ಯಾನಿನ ಲೆಕ್ಕ ತಪ್ಪಿಸುತ್ತದೆ. ತೂತು ಕೊರೆದ ಡಬ್ಬಿಯೊಳಗೆ ಕೂರಿಸಿ ಪಕ್ಕಕ್ಕೆ ತಿರುಗಿಸಿದ ಮೇಲೆ ಸರಿಹೋಯಿತು.

ರಸ್ತೆಗೆ ಇಳಿಯುವ ಮೊದಲು ಇಂಥದ್ದೇ ಎರಡು ಸೆನ್ಸಾರ್‌ಗಳನ್ನು ಒಂದು ವಾರ ತಾರಸಿಯಲ್ಲಿ ಅಕ್ಕಪಕ್ಕ ಇಟ್ಟೆ. ಎರಡೂ ಒಂದೇ ತರಹ ಏರಿಳಿದವು, ಆದರೆ ಒಂದು ಯಾವಾಗಲೂ ಸ್ವಲ್ಪ ಜಾಸ್ತಿ ತೋರಿಸುತ್ತಿತ್ತು. ಆ ವ್ಯತ್ಯಾಸ ಬರೆದಿಟ್ಟುಕೊಂಡೆ. ಮಂಜು ಕವಿದ ಮುಂಜಾನೆ ಎರಡೂ ಸೇರಿ ಮೇಲಕ್ಕೆ ಹೋಗುತ್ತಿದ್ದವು. ಕಣಗಳು ತೇವ ಹೀರಿ ಊದಿಕೊಂಡರೆ ಲೇಸರ್ ಬೆಳಕಿಗೆ ದೊಡ್ಡದಾಗಿ ಕಾಣುತ್ತವೆ. ತೇವಾಂಶ ಶೇ. 80 ದಾಟಿದ ಗಂಟೆಗಳನ್ನು ಕೈಬಿಟ್ಟೆ.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಬಸ್ಸು. ಕಪ್ಪು ಹೊಗೆ ಉಗುಳುವ ಹಳೇ ಬಸ್ಸಿನ ಹಿಂದೆ ಕಣ್ಣುರಿಯುತ್ತಾ ನಿಂತಿದ್ದೇನೆ, ಸೆನ್ಸಾರ್ ಮಾತ್ರ ಏನೂ ಆಗಿಲ್ಲ ಅನ್ನುವ ಹಾಗೆ ಹಳೇ ಅಂಕಿಯನ್ನೇ ತೋರಿಸುತ್ತಿದೆ. ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಈ ಸೆನ್ಸಾರ್‌ಗೆ 0.3 ಮೈಕ್ರೋಮೀಟರ್‌ಗಿಂತ ಚಿಕ್ಕ ಕಣ ಕಾಣುವುದಿಲ್ಲ. ಆಗತಾನೇ ಸೈಲೆನ್ಸರ್‌ನಿಂದ ಹೊರಬಂದ ಡೀಸೆಲ್ ಮಸಿ ಬಹುಪಾಲು ಅದಕ್ಕಿಂತ ಸಣ್ಣದು. ಆಮೇಲೆ ಸ್ನೇಹಿತರೊಬ್ಬರಿಂದ ಕಪ್ಪು ಇಂಗಾಲ, ಅಂದರೆ ಈ ಮಸಿಯನ್ನೇ ಅಳೆಯುವ ಯಂತ್ರ ಎರವಲು ತಂದೆ. ಅದು ಗಾಳಿಯನ್ನು ಬಿಳಿ ಫಿಲ್ಟರ್ ಮೂಲಕ ಎಳೆದು, ಫಿಲ್ಟರ್ ಎಷ್ಟು ಬೇಗ ಕಪ್ಪಾಗುತ್ತದೆ ಅಂತ ನೋಡುತ್ತದೆ. ಬಸ್ಸಿನ ಹಿಂದೆ ಅದು ಒಮ್ಮೆಲೇ ಜಿಗಿಯಿತು. ಆದರೆ ಹಂಪ್ ಹಾರಿದಾಗಲೂ ಜಿಗಿಯುತ್ತದೆ, ಕೆಲವೊಮ್ಮೆ ಸೊನ್ನೆಗಿಂತ ಕೆಳಗೆ ಬೀಳುತ್ತದೆ. ಅರ್ಧ ನಿಮಿಷದ ಸರಾಸರಿ ತೆಗೆದ ಮೇಲೇ ನಂಬಬಹುದು.

ಮೊದಲ ದಿನದ ನಕ್ಷೆಯಲ್ಲಿ ಒಂದು ಕ್ರಾಸ್ ಪೂರ್ತಿ ಕೆಂಪಾಗಿತ್ತು. ಅವತ್ತು ಅಲ್ಲಿ ಕಸ ಸುಡುತ್ತಿದ್ದರು, ಅಷ್ಟೇ. ಮರುದಿನ ಏನೂ ಇಲ್ಲ. ಸುಮ್ನೆ ಒಂದು ಸಲ ಸುತ್ತಿ ನಕ್ಷೆ ಹಂಚಿದರೆ ಆ ಬೀದಿಯವರಿಗೆ ಅನ್ಯಾಯ ಮಾಡಿದ ಹಾಗೆ. ಅಮೆರಿಕದ ಓಕ್ಲೆಂಡ್‌ನಲ್ಲಿ ಗೂಗಲ್ ಸ್ಟ್ರೀಟ್ ವ್ಯೂ ಕಾರುಗಳಿಗೆ ಯಂತ್ರ ಕಟ್ಟಿ ಅಳೆದವರು 2017ರಲ್ಲಿ ಬರೆದದ್ದೂ ಇದನ್ನೇ: ಒಂದು ರಸ್ತೆಯ ನಿಜ ಸ್ವರೂಪ ಗೊತ್ತಾಗಲು ಬೇರೆ ಬೇರೆ ದಿನ ಹತ್ತಿಪ್ಪತ್ತು ಸಲ ಹೋಗಬೇಕು. ನಾನು ಇಪ್ಪತ್ತು ದಿನ ಹೋದೆ. ರಸ್ತೆಯನ್ನು 30 ಮೀಟರ್ ತುಂಡು ಮಾಡಿ, ಪ್ರತಿ ಸುತ್ತಿಗೂ ಒಂದು ತುಂಡಿಗೆ ಒಂದೇ ಅಂಕಿ ಇಟ್ಟೆ, ಇಲ್ಲದಿದ್ದರೆ ಸಿಗ್ನಲ್‌ನಲ್ಲಿ ಕಾದ ಎರಡು ನಿಮಿಷವೇ ಉಳಿದದ್ದನ್ನೆಲ್ಲ ನುಂಗಿಬಿಡುತ್ತದೆ. ಆಮೇಲೆ ಆ ಇಪ್ಪತ್ತು ಅಂಕಿಗಳನ್ನು ಸಾಲಾಗಿ ಜೋಡಿಸಿ ನಟ್ಟನಡುವಿನದ್ದನ್ನು ತೆಗೆದುಕೊಂಡೆ. ಸರಾಸರಿ ತೆಗೆದರೆ ಒಂದೇ ಒಂದು ಲಾರಿ ಸಾಕು ಲೆಕ್ಕ ಕೆಡಿಸಲು.

ತಾರಸಿಯಲ್ಲಿ ಒಂದು ಸೆನ್ಸಾರ್ ಸದಾ ಓಡುತ್ತಿತ್ತು. ಚಳಿಗಾಲದ ಬೆಳಿಗ್ಗೆ ಇಡೀ ಊರಿನ ಹೊಗೆ ಕೆಳಗೇ ಕೂತಿರುತ್ತದೆ, ರಸ್ತೆಯ ಅಂಕಿಯಿಂದ ತಾರಸಿಯ ಅಂಕಿ ಕಳೆಯದೆ ಏಳು ಗಂಟೆಯ ರಸ್ತೆಗೂ ಹನ್ನೊಂದರ ರಸ್ತೆಗೂ ಹೋಲಿಕೆ ಮಾಡುವಂತಿಲ್ಲ. ಇನ್ನೊಂದು ಮಾತು. ನಮ್ಮ ದೇಶದ ಪಿಎಂ 2.5 ಮಿತಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯದ್ದು 15. ಎರಡೂ 24 ಗಂಟೆಯ ಸರಾಸರಿಗೆ ಹೇಳಿದ್ದು. ಸಿಗ್ನಲ್‌ನಲ್ಲಿ ಒಂದು ಸೆಕೆಂಡ್ ಕಂಡ ಅಂಕಿಯನ್ನು ಅದರ ಪಕ್ಕ ಇಟ್ಟು ಯಾರನ್ನೂ ಹೆದರಿಸಬೇಡಿ.

ಕೊನೆಗೆ ಕಂಡಿದ್ದು ಇಷ್ಟು. ಪಿಎಂ 2.5 ದೊಡ್ಡ ರಸ್ತೆಗೂ ಒಳ ರಸ್ತೆಗೂ ಹೆಚ್ಚು ಬೇರೆ ಇರಲಿಲ್ಲ, ಅದು ಇಡೀ ಊರಿನ ಗಾಳಿ. ಕಪ್ಪು ಇಂಗಾಲ ಮಾತ್ರ ಸಂಪಿಗೆ ರಸ್ತೆಯಿಂದ ಕ್ರಾಸಿಗೆ ತಿರುಗಿ ನಾಲ್ಕು ಮನೆ ದಾಟುವಷ್ಟರಲ್ಲಿ ಚೆನ್ನಾಗಿ ಇಳಿಯುತ್ತಿತ್ತು. ಅಮ್ಮನಿಗೆ ನಕ್ಷೆ ತೋರಿಸಿದೆ. ಈಗ ಒಳ ರಸ್ತೆಯಲ್ಲೇ ಮಾರ್ಕೆಟ್ ತನಕ ಹೋಗಿ, ತರಕಾರಿ ತೆಗೆದುಕೊಂಡು ಅದೇ ದಾರಿಯಲ್ಲಿ ವಾಪಸ್ ಬರುತ್ತಾರೆ. ಐದು ನಿಮಿಷ ಜಾಸ್ತಿ ಆಗುತ್ತದೆ.