1.60 ಮೀಟರ್ ನನಗೆ ಸಾಲುವುದಿಲ್ಲ

ನಮ್ಮ ಮನೆಯ ಬೀರುವಿನ ಕೆಳಗಿನ ಖಾನೆಯಲ್ಲಿ ಹನ್ನೊಂದು ಪ್ಯಾಂಟ್-ಶರ್ಟ್ ಪೀಸುಗಳಿದ್ದವು. ಮದುವೆ, ಗೃಹಪ್ರವೇಶಗಳಲ್ಲಿ ಉಡುಗೊರೆ ಬಂದವು. ಒಂದನ್ನೂ ಹೊಲಿಸಿರಲಿಲ್ಲ. ಡಬ್ಬಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ ನೋಡಿ, ಶರ್ಟ್ 1.60 ಮೀಟರ್, ಪ್ಯಾಂಟ್ 1.20 ಮೀಟರ್ ಅಂತ. ಕೊಡುವವರು ಬಣ್ಣ ನೋಡುತ್ತಾರೆ, ಕಂಪನಿ ನೋಡುತ್ತಾರೆ. ಆ ಎರಡು ಅಂಕಿ ನೋಡುವುದು ನನ್ನಂಥವರು ಮಾತ್ರ.

ನನ್ನ ಎತ್ತರ 5 ಅಡಿ 8 ಇಂಚು, ತೂಕ 112 ಕೆಜಿ. ದಾವಣಗೆರೆಯ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ. ದಿನಕ್ಕೆ ಎಂಟು ಗಂಟೆ ಕುರ್ಚಿ. ತೂಕ ಇಳಿಸುವ ವಿಷಯ ಇಲ್ಲಿ ಬರೆಯುವುದಿಲ್ಲ. ಅದನ್ನು ಹೇಳಲು ನನ್ನ ಸುತ್ತ ಆಗಲೇ ಬೇಕಾದಷ್ಟು ಜನ ಇದ್ದಾರೆ. ಇರುವ ಮೈಗೆ ನೆಟ್ಟಗೆ ಬಟ್ಟೆ ಹಾಕಿಕೊಂಡು ಆಫೀಸಿಗೆ ಹೋಗುವುದನ್ನು ನಾನು ಹೇಗೆ ಕಲಿತೆ ಅನ್ನೋದಷ್ಟೇ ಇಲ್ಲಿದೆ. ಕಲಿತಿದ್ದು ನಲವತ್ತು ದಾಟಿದ ಮೇಲೆ. ಸ್ವಲ್ಪ ನಾಚಿಕೆಯೇ.

ಮೊದಲು ಹೀಗಿತ್ತು. ಪ್ಯಾಂಟಿನ ಸೈಜು ಯಾರೇ ಕೇಳಲಿ, "40" ಅನ್ನುತ್ತಿದ್ದೆ. ಸುಳ್ಳಲ್ಲ, ಹೊಟ್ಟೆಯ ಕೆಳಗೆ ಟೇಪು ಸುತ್ತಿದರೆ 40 ಬರುತ್ತಿತ್ತು. ಹಾಗಾಗಿ ಪ್ಯಾಂಟು ಹೊಟ್ಟೆಯ ಕೆಳಗೆ ನೇತಾಡುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಇನ್‌ಶರ್ಟ್ ಮಾಡಿಕೊಂಡು ಹೋದರೆ ಹನ್ನೊಂದಕ್ಕೆ ಹಿಂದಿನಿಂದ ಶರ್ಟು ಹೊರಗೆ. ಪ್ಯಾಂಟು ಜಾರಿ ಜಾರಿ ಕೆಳಗಿನ ಅಂಚು ಶೂ ಹಿಮ್ಮಡಿಗೆ ಸಿಕ್ಕಿ ಹರಿಯುತ್ತಿತ್ತು. ನಮ್ಮ ಅಟೆಂಡರ್ ಒಳ್ಳೆಯವನು. ಯಾರಿಗೂ ಕೇಳದ ಹಾಗೆ ಪಕ್ಕಕ್ಕೆ ಬಂದು "ಸಾರ್, ಹಿಂದೆ" ಅಂತಿದ್ದ. ಅಷ್ಟೇ ಹೇಳುತ್ತಿದ್ದ. ಆ ಎರಡು ಪದ ಆರು ವರ್ಷ ಕೇಳಿದ್ದೇನೆ.

ಒಂದು ದಿನ ಆಡಿಟ್ ಮೀಟಿಂಗಿನಲ್ಲಿ ಕೈ ಚಾಚಿ ಫೈಲು ಎಳೆದುಕೊಂಡೆ. ನಾಲ್ಕನೇ ಗುಂಡಿ ಕಿತ್ತು ಹೋಯಿತು. ಮುಂದಿನ ಒಂದೂವರೆ ಗಂಟೆ ಆ ಫೈಲನ್ನು ಹೊಟ್ಟೆಗೆ ಅವಚಿಕೊಂಡೇ ಕೂತಿದ್ದೆ. ಯಾರಾದರೂ ಫೈಲು ಕೇಳಿದರೆ "ನಾನೇ ಓದ್ತೀನಿ" ಅಂತ ಓದಿ ಹೇಳಿದೆ.

ಅವತ್ತಿನಿಂದ ಪ್ರಯೋಗ ಶುರು. ಎಲ್ಲಾ ತಪ್ಪು ಪ್ರಯೋಗಗಳು. ಕಪ್ಪು ಬಟ್ಟೆ ಹಾಕಿದರೆ ತೆಳ್ಳಗೆ ಕಾಣುತ್ತಾರೆ ಅಂತಾರಲ್ವಾ? ನಾಲ್ಕು ಕಪ್ಪು ಶರ್ಟು ತಂದೆ. ಏಪ್ರಿಲ್ ಬಿಸಿಲಿಗೆ ಬೆವರು ಒಣಗಿ ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆ ಎದ್ದವು. ಉದ್ದ ಗೆರೆಯ ಶರ್ಟು ಹಾಕಿದೆ. ಗೆರೆ ಎದೆಯವರೆಗೆ ನೇರ ಬಂದು ಹೊಟ್ಟೆಯ ಹತ್ತಿರ ಬಿಲ್ಲಿನಂತೆ ಬಾಗಿತು. ಇಲ್ಲಿ ಹೊಟ್ಟೆ ಇದೆ ಅಂತ ಬಾಣ ಹಾಕಿ ತೋರಿಸಿದಂತಿತ್ತು. ಹೊಟ್ಟೆ ಒತ್ತಿ ಹಿಡಿಯುವ ಬಿಗಿ ಬನಿಯನ್ ಆನ್‌ಲೈನಿನಲ್ಲಿ ತರಿಸಿದೆ. ಹಾಕಿಕೊಳ್ಳಲು ಹೆಂಡತಿಯ ಸಹಾಯ ಬೇಕಾಯಿತು. ಬಿಚ್ಚಲು ಆಫೀಸಿನ ಬಾತ್‌ರೂಮಿನಲ್ಲಿ ಯಾರೂ ಇರಲಿಲ್ಲ. ಆ ಹತ್ತು ನಿಮಿಷದ ಬಗ್ಗೆ ಜಾಸ್ತಿ ಬರೆಯಲ್ಲ.

ಆಮೇಲೆ ಎರಡು ಸೈಜು ದೊಡ್ಡ ರೆಡಿಮೇಡ್ ಶರ್ಟು. ಇಲ್ಲಿ ಒಂದು ವಿಷಯ ಗೊತ್ತಾಯಿತು. ಆಫೀಸ್ ಶರ್ಟಿನ ಕಾಲರಿನಲ್ಲಿ 40, 42, 44 ಅಂತ ಇರುತ್ತದಲ್ಲ, ಅದನ್ನು ನಾನು ಎದೆಯ ಇಂಚು ಅಂದುಕೊಂಡಿದ್ದೆ. ಅದು ಕಾಲರಿನ ಸುತ್ತಳತೆ, ಸೆಂಟಿಮೀಟರಿನಲ್ಲಿ. ನನ್ನ ಕತ್ತು 17 ಇಂಚು, ಅಂದರೆ ಸುಮಾರು 43 ಸೆಂಟಿಮೀಟರ್. 44ರ ಶರ್ಟು ಕತ್ತಿಗೆ ಸರಿಯಾಗಿ ಕೂರುತ್ತದೆ. ಹೊಟ್ಟೆಗೆ ಕೂರುವುದಿಲ್ಲ. ಹೊಟ್ಟೆಗೆ ಸರಿಹೋಗಲಿ ಅಂತ ಇನ್ನೂ ದೊಡ್ಡದು ತಗೊಂಡರೆ ಭುಜದ ಹೊಲಿಗೆ ತೋಳಿಗೆ ಇಳಿಯುತ್ತದೆ, ಕೈ ಬೆರಳವರೆಗೆ ಬರುತ್ತದೆ. ಅಣ್ಣನ ಶರ್ಟು ಹಾಕಿಕೊಂಡ ತಮ್ಮನ ಹಾಗೆ. ಹೊಟ್ಟೆ ದೊಡ್ಡದಾದವನ ಕೈಯೂ ಉದ್ದವಾಗಿರುತ್ತದೆ ಅಂತ ಯಾರು ಹೇಳಿದರೋ! ನಮ್ಮ ದೇಶದವರ ಮೈಗೇ ಒಂದು ಅಳತೆಪಟ್ಟಿ ಮಾಡಬೇಕು ಅಂತ ಕೇಂದ್ರ ಸರ್ಕಾರದ ಫ್ಯಾಷನ್ ಶಿಕ್ಷಣ ಸಂಸ್ಥೆ ನಿಫ್ಟ್ 'ಇಂಡಿಯಾಸೈಜ್' ಅನ್ನುವ ಸಮೀಕ್ಷೆಗೆ ಕೈಹಾಕಿತು. ಬೆಂಗಳೂರೂ ಸೇರಿ ಆರು ನಗರಗಳಲ್ಲಿ 15ರಿಂದ 65 ವರ್ಷದ 25,000 ಜನರನ್ನು ಸ್ಕ್ಯಾನರಿನಲ್ಲಿ ಅಳೆಯುವ ಯೋಜನೆ ಅದು. ಅದರಿಂದ ಅಂಗಡಿಯ ಶರ್ಟು ನನ್ನ ಹೊಟ್ಟೆಗೆ ಬರುವವರೆಗೆ ನಾನು ಕಾಯುವ ಹಾಗಿರಲಿಲ್ಲ.

ಚೌಕಿಪೇಟೆಯಲ್ಲಿ ಬಟ್ಟೆ ಹರಿಸಿಕೊಂಡು ಒಬ್ಬ ಹಳೇ ಟೈಲರ್ ಹತ್ತಿರ ಹೋದೆ. ಎಲ್ಲರೂ ಅವರನ್ನು ಮಾಸ್ಟರ್ ಅನ್ನುತ್ತಾರೆ. ವಯಸ್ಸು ಅರವತ್ತೈದರ ಮೇಲೆ. ಟೇಪು ಹಿಡಿದು ಹೊಟ್ಟೆಯ ಹತ್ತಿರ ಬಂದ ಕೂಡಲೇ ನಾನು ಎಂದಿನಂತೆ ಉಸಿರು ಎಳೆದುಕೊಂಡೆ. ಅವರು ಟೇಪು ಇಳಿಸಿ ಸುಮ್ಮನೆ ನಿಂತರು. ನಾನು ಎಷ್ಟು ಹೊತ್ತು ಹಿಡಿಯಲಿ? ಬಿಟ್ಟೆ. "ಹ್ಞಾ, ಈಗ ನಿಲ್ರಿ ಸಾರ್" ಅಂದು ಸುತ್ತಿದರು. 47.

"ಕೂತ್ಕಳ್ರಿ" ಅಂದರು.

ಯಾಕೆ ಅಂತ ಕೇಳಿದೆ. "ಆಫೀಸ್ನಾಗೆ ನಿಂತ್ಕಂಡು ಕೆಲ್ಸ ಮಾಡ್ತೀರೇನು?" ಕೂತಾಗ 49. ನಲವತ್ತು ವರ್ಷದಲ್ಲಿ ಯಾರೂ ನನ್ನನ್ನು ಕೂರಿಸಿ ಅಳತೆ ತಗೊಂಡಿರಲಿಲ್ಲ. ನನ್ನ ಗುಂಡಿಗಳೆಲ್ಲ ಕಿತ್ತು ಹೋಗಿದ್ದು ಆ ಎರಡು ಇಂಚಿನಲ್ಲಿ.

ನಾನು ತಂದಿದ್ದ ಬಟ್ಟೆ ನೋಡಿ ಅವರು ತಲೆ ಆಡಿಸಿದರು. 1.60 ಮೀಟರ್ ಹರಿಸಿದ್ದೆ. ಅಂಗಡಿಯವನು "ಎಷ್ಟು ಹರೀಲಿ" ಅಂದಾಗ ಎಲ್ಲರೂ ಹೇಳುವುದನ್ನೇ ಹೇಳಿದ್ದೆ. ಆಗ ಅವರು ಮೇಜಿನ ಮೇಲೆ ಬಟ್ಟೆ ಹಾಸಿ ತೋರಿಸಿದರು. ಶರ್ಟಿನ ಬಟ್ಟೆಯ ಪನ್ನ, ಅಂದರೆ ಅಗಲ, 58 ಇಂಚು. ಮಾಮೂಲಿ ಮೈಯವರಿಗೆ ಮುಂಭಾಗದ ಎರಡು ತುಂಡು, ಬೆನ್ನಿನ ಒಂದು ತುಂಡು, ಮೂರೂ ಆ ಅಗಲದಲ್ಲಿ ಪಕ್ಕಪಕ್ಕ ಹಿಡಿಸುತ್ತವೆ. ಉಳಿದ ಉದ್ದದಲ್ಲಿ ತೋಳು, ಕಾಲರು ತೆಗೆಯುತ್ತಾರೆ. ಹಾಗಾಗಿ 1.60 ಸಾಕು. ನನ್ನ ಶರ್ಟಿನ ಸುತ್ತಳತೆಯೇ 54. ಗುಂಡಿಪಟ್ಟಿ, ಹೊಲಿಗೆಯ ಅಂಚು ಸೇರಿದರೆ 60 ದಾಟುತ್ತದೆ. ಬೆನ್ನಿನ ತುಂಡು ಪಕ್ಕದಲ್ಲಿ ಕೂರದೆ ಕೆಳಗೆ ಹೋಗುತ್ತದೆ. ಅದಕ್ಕೇ ಎರಡೂಕಾಲು ಮೀಟರ್ ಬೇಕು. ಪ್ಯಾಂಟಿಗೂ ಇದೇ ಲೆಕ್ಕ. ತೊಡೆಯ ಅಗಲ ಜಾಸ್ತಿ, 1.20 ಸಾಲದು, ಒಂದೂವರೆ ಬೇಕು. ಕಡಿಮೆ ಬಟ್ಟೆ ಕೊಟ್ಟರೆ ಟೈಲರ್ ಎಲ್ಲೋ ಒಂದು ಕಡೆ ಕಡಿತ ಮಾಡಲೇಬೇಕು. ನನ್ನ ಹಳೇ ಶರ್ಟುಗಳ ಗಿಡ್ಡ ಉದ್ದಕ್ಕೆ ನಾನು ಟೈಲರುಗಳನ್ನು ಬೈದುಕೊಂಡಿದ್ದೆ. ಬಟ್ಟೆ ಕೊಟ್ಟವನು ನಾನೇ ಅಲ್ವಾ!

ಹೊಸ ಬಟ್ಟೆ ತಂದು ಕೊಟ್ಟೆ. ಹತ್ತಿ ಬಟ್ಟೆ ಹೊಲಿಸುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ ಅಂದರು. ಕುಗ್ಗುವುದು ಹೊಲಿಯುವ ಮೊದಲೇ ಕುಗ್ಗಲಿ ಅಂತ. ನಮಗೆ ಅರ್ಧ ಇಂಚು ಕುಗ್ಗಿದರೂ ಗೊತ್ತಾಗುತ್ತದೆ. ನಾನು "ಲೂಸಾಗಿ ಇರಲಿ ಮಾಸ್ಟರ್, ಮುಚ್ಚಿಹೋಗ್ಲಿ" ಅಂದೆ. "ಗುಡಾರ ಬೇಕಂದ್ರೆ ಶಾಮಿಯಾನದ ಅಂಗಡಿಗೆ ಹೋಗ್ರಿ" ಅಂದರು. ಕೂತಾಗಿನ ಅಳತೆಗೆ ಐದು ಇಂಚು ಮಾತ್ರ ಸೇರಿಸಿದರು. ಭುಜಕ್ಕೆ ಒಂದು ಕೂದಲೂ ಜಾಸ್ತಿ ಇಲ್ಲ. ಭುಜ ಸರಿಯಾಗಿ ಕೂತರೆ ಕಣ್ಣು ಅಲ್ಲೇ ನಿಲ್ಲುತ್ತದೆ ಅನ್ನುವುದು ಅವರ ನಂಬಿಕೆ. ಈಗ ನನ್ನದೂ.

ಅವರು ಮಾಡಿದ ಇನ್ನೊಂದು ಕೆಲಸ ಯಾವ ರೆಡಿಮೇಡಿನಲ್ಲೂ ಸಿಗುವುದಿಲ್ಲ. ಮುಂಭಾಗದ ಉದ್ದವನ್ನು ಹಿಂಭಾಗಕ್ಕಿಂತ ಒಂದೂವರೆ ಇಂಚು ಜಾಸ್ತಿ ಇಟ್ಟರು. ಹೊಟ್ಟೆಯ ದಿಬ್ಬ ಹತ್ತಿ ಇಳಿಯಲು ಬಟ್ಟೆಗೆ ಆ ಉದ್ದ ಬೇಕು. ಇಲ್ಲದಿದ್ದರೆ ಮುಂದೆ ಶರ್ಟು ಮೇಲಕ್ಕೆ ಎದ್ದು ನಿಲ್ಲುತ್ತದೆ. ಗುಂಡಿಗಳ ನಡುವಿನ ಅಂತರ ಮೂರೂವರೆ ಇಂಚಿನಿಂದ ಮೂರಕ್ಕೆ ಇಳಿಸಿದರು. ಒಂದು ಕಾಜಾ ಜಾಸ್ತಿ ಆಯಿತು, ಬನಿಯನ್ ಇಣುಕುವುದು ನಿಂತಿತು. ಬೆನ್ನಿಗೆ ಎರಡು ನೆರಿಗೆ ಕೊಟ್ಟರು. ಕೈ ಚಾಚಿದರೆ ಬಟ್ಟೆ ಅಲ್ಲಿಂದ ಬರುತ್ತದೆ, ಗುಂಡಿಯನ್ನು ಎಳೆಯುವುದಿಲ್ಲ. ಕಾಲರು ಸ್ವಲ್ಪ ಅಗಲ, ಒಳಗೆ ಗಟ್ಟಿ ಕ್ಯಾನ್ವಾಸ್. ದೊಡ್ಡ ಮುಖದ ಕೆಳಗೆ ಸಣ್ಣ ಕಾಲರು ಕಾಣುವುದೇ ಇಲ್ಲ.

ಪ್ಯಾಂಟಿನದು ದೊಡ್ಡ ಜಗಳ. ಹೊಕ್ಕುಳಿನ ಮಟ್ಟಕ್ಕೆ ಹೊಲಿಯುತ್ತೇನೆ ಅಂದರು. ನಾನು ಒಪ್ಪಲಿಲ್ಲ. ತಾತನ ಕಾಲದ ಫ್ಯಾಷನ್ ಅನ್ನಿಸಿತು. ನಿಜ ಹೇಳಬೇಕೆಂದರೆ ಸೊಂಟಪಟ್ಟಿಯ ಒಳಗೆ 47 ಅನ್ನುವ ಅಂಕಿ ಇರುವುದೇ ನನಗೆ ಬೇಡವಾಗಿತ್ತು. ಒಂದು ಪ್ಯಾಂಟು ಹೊಲಿದು ನೋಡೋಣ ಅಂತ ಒಪ್ಪಂದ ಆಯಿತು. ಮೊದಲ ವಾರ ಎದೆಗೇ ಕಟ್ಟಿಕೊಂಡ ಹಾಗಿತ್ತು. ಎರಡನೇ ವಾರ ಒಂದು ವಿಷಯ ಗಮನಕ್ಕೆ ಬಂತು. ಬೆಳಿಗ್ಗೆಯಿಂದ ಸಂಜೆಯವರೆಗೆ ಪ್ಯಾಂಟು ಮೇಲಕ್ಕೆ ಎಳೆದುಕೊಂಡೇ ಇರಲಿಲ್ಲ. ಜಾರಲು ಅದಕ್ಕೆ ಇಳಿಜಾರೇ ಇಲ್ಲ. ಬೆಲ್ಟು ಈಗ ಸುಮ್ನೆ ಅಲಂಕಾರಕ್ಕೆ.

ಮುಂದೆ ಒಂದೊಂದು ನೆರಿಗೆ ಇಡಿಸಿದೆ. ನೆರಿಗೆ ಇದ್ದರೆ ದಪ್ಪ ಕಾಣುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಉಲ್ಟಾ ಆಯಿತು. ನೆರಿಗೆ ಇಲ್ಲದ ಪ್ಯಾಂಟಿನಲ್ಲಿ ಕ್ರಾಸ್ ಪಾಕೆಟ್ ಎರಡೂ ಕಡೆ ಕಿವಿಯಂತೆ ಬಾಯಿ ಬಿಡುತ್ತಿತ್ತು. ಈಗ ಮುಚ್ಚಿಕೊಂಡಿರುತ್ತದೆ. ಕಾಲಿನ ಬಾಟಮ್ 16 ಇಂಚು. ಮಗ 13 ಇಡಿಸು ಅಂದ. 13 ಇಟ್ಟರೆ ನಾನು ಬುಗುರಿಯಂತೆ ಕಾಣುತ್ತೇನೆ, ಮೇಲೆ ದಪ್ಪ ಕೆಳಗೆ ಮೊಳೆ. ಸೊಂಟಪಟ್ಟಿಯ ಒಳಗೆ ರಬ್ಬರ್ ಗೆರೆ ಇರುವ ಪಟ್ಟಿ ಹಾಕಿಸಿದೆ, ಅದು ಶರ್ಟನ್ನು ಹಿಡಿದುಕೊಳ್ಳುತ್ತದೆ. ಹಿಂದಿನ ಹೊಲಿಗೆಯಲ್ಲಿ ಎರಡು ಇಂಚು ಬಟ್ಟೆ ಮಡಚಿ ಬಿಟ್ಟಿದ್ದಾರೆ. ದೀಪಾವಳಿ ಆದ ಮೇಲೆ ಬೇಕಾಗುತ್ತದೆ.

ಈಗ ಯಾರೂ ಮಾತಾಡದ ವಿಷಯ. ನಮ್ಮ ಪ್ಯಾಂಟು ಮೊದಲು ಹಾಳಾಗುವುದು ಮಂಡಿಯಲ್ಲಲ್ಲ, ಒಳತೊಡೆಯಲ್ಲಿ. ನಡೆದಂತೆಲ್ಲ ಉಜ್ಜಿ ಉಜ್ಜಿ ಬಟ್ಟೆ ಸವೆದು ಜಾಲರಿ ಆಗುತ್ತದೆ. ನನ್ನ ಪ್ಯಾಂಟುಗಳಿಗೆ ಎಂಟು ತಿಂಗಳು ಆಯಸ್ಸು. ಮಾಸ್ಟರ್ ಅಲ್ಲಿ ಅದೇ ಬಟ್ಟೆಯ ಎಲೆ ಆಕಾರದ ತುಂಡನ್ನು ಒಳಗಿನಿಂದ ಹೊಲಿದು ಕೊಡುತ್ತಾರೆ. ಹೊಸ ಪ್ಯಾಂಟಿಗೇ ಹೊಲಿಸಬೇಕು, ಹರಿದ ಮೇಲಲ್ಲ. ಒಂದೇ ಪ್ಯಾಂಟನ್ನು ಎರಡು ದಿನ ಸತತ ಹಾಕುವುದಿಲ್ಲ. ಇನ್ನು ಬೇಸಿಗೆಯಲ್ಲಿ ಚರ್ಮ ಉರಿಯುವುದಕ್ಕೆ ಪೌಡರು, ಮುಲಾಮು ಎಲ್ಲಾ ಮಾಡಿ ಸೋತು ಕೊನೆಗೆ ನನಗೆ ಸಿಕ್ಕ ಪರಿಹಾರ ಯಾವುದು ಗೊತ್ತಾ? ಪಟಾಪಟಿ ಚಡ್ಡಿ. ನಮ್ಮಪ್ಪ ಹಾಕುತ್ತಿದ್ದ ಅದೇ ಗೆರೆ ಗೆರೆಯ ಹತ್ತಿ ಚಡ್ಡಿ. ಕಾಲೇಜಿನಲ್ಲಿ ಅದನ್ನು ನೋಡಿ ನಕ್ಕಿದ್ದೆ. ತೊಡೆಗೆ ತೊಡೆ ತಾಗದಂತೆ ನಡುವೆ ಹತ್ತಿ ಬಟ್ಟೆ ಇರುತ್ತದೆ. ಅಷ್ಟೇ ಬೇಕಾಗಿದ್ದು.

ಬಣ್ಣದ ಬಗ್ಗೆ ನನ್ನದು ಒಂದೇ ನಿಯಮ, ಬೆವರು. ಬೂದಿ ಬಣ್ಣ ಮತ್ತು ಆಕಾಶ ನೀಲಿಯಲ್ಲಿ ಕಂಕುಳ ಒದ್ದೆ ದೂರದಿಂದಲೇ ಕಾಣುತ್ತದೆ. ಬಿಳಿ, ಕಡು ನೀಲಿ, ಸಣ್ಣ ಚೌಕಳಿಯಲ್ಲಿ ಕಾಣುವುದು ಕಡಿಮೆ. ಕೊರಳಿಗೆ ಹಾಕುವ ಐಡಿ ಕಾರ್ಡು ಹೊಟ್ಟೆಯ ಮೇಲೆ ಕೂತು ಲೋಲಕದ ಹಾಗೆ ಆಡುತ್ತಿತ್ತು. ಜೇಬಿಗೆ ಸಿಕ್ಕಿಸುವ ಕ್ಲಿಪ್ಪಿಗೆ ಬದಲಾಯಿಸಿದೆ. ಲೇಸು ಕಟ್ಟುವ ಶೂ ಬಿಟ್ಟೆ, ಬಗ್ಗಿ ಎದ್ದರೆ ಶರ್ಟು ಮತ್ತೆ ಸರಿಮಾಡಬೇಕು. ಸಸ್ಪೆಂಡರ್ ಒಂದು ದಿನ ಹಾಕಿದೆ. ಕೆಲಸವೇನೋ ಮಾಡುತ್ತದೆ. ಆದರೆ "ಯಾವ ಮದ್ವೆ ಬ್ಯಾಂಡು ಸಾರ್?" ಅಂತ ಕೇಳಿದರು, ಅಲ್ಲಿಗೆ ಮುಗಿಯಿತು. ನವೆಂಬರ್ 1ಕ್ಕೆ ಆಫೀಸಿನಲ್ಲಿ ಪಂಚೆ ಉಡುತ್ತೇವೆ. ನಾಲ್ಕು ಮೊಳದ್ದು ನನಗೆ ಮುಂದೆ ಸೇರುವುದಿಲ್ಲ, ಗಾಳಿ ಬಂದರೆ ಮರ್ಯಾದೆ ಹೋಗುತ್ತದೆ. ಎಂಟು ಮೊಳದ್ದೇ ಆಗಬೇಕು.

ಖರ್ಚು ಕೇಳಿದರೆ, ಶರ್ಟಿನ ಬಟ್ಟೆ ಮೀಟರಿಗೆ 320ರಂತೆ ಎರಡೂಕಾಲಿಗೆ 720, ಹೊಲಿಗೆ 400. ಒಟ್ಟು 1,120 ರೂಪಾಯಿ. ಒಳ್ಳೆಯ ರೆಡಿಮೇಡ್ ಶರ್ಟಿಗಿಂತ ಕಡಿಮೆಯೇ. ಆದರೆ ಹೇಳಿದ ದಿನಕ್ಕೆ ಸಿಗುವುದಿಲ್ಲ. ದಸರಾಕ್ಕೆ ಬೇಕಾದರೆ ಗಣೇಶನ ಹಬ್ಬಕ್ಕೇ ಕೊಡಬೇಕು. "ನಾಳೆ ಬರ್ರಿ" ಅನ್ನುವುದರಲ್ಲಿ ಮಾಸ್ಟರ್ ಕೂಡ ಉಳಿದ ಟೈಲರುಗಳ ಹಾಗೇ. ಆರು ಶರ್ಟು, ನಾಲ್ಕು ಪ್ಯಾಂಟು ಆಗಲು ಒಂದು ವರ್ಷ ಹಿಡಿಯಿತು.

ತೆಳ್ಳಗಾಗಿದ್ದೀರಾ ಅಂತ ಯಾರೂ ಕೇಳಲಿಲ್ಲ. ಕಾಣುವುದೂ ಇಲ್ಲ, 112 ಕೆಜಿ 112ರಂತೆಯೇ ಕಾಣುತ್ತದೆ. ಆದರೆ ಅಟೆಂಡರ್ ಪಕ್ಕಕ್ಕೆ ಬಂದು "ಸಾರ್, ಹಿಂದೆ" ಅನ್ನುವುದು ನಿಂತಿದೆ.

ಬೀರುವಿನ ಹನ್ನೊಂದು ಪೀಸುಗಳನ್ನು ಮಾಸ್ಟರಿಗೆ ತೋರಿಸಿದೆ. ಒಂದೇ ಥರದ ಎರಡು ಬಿಳಿ ಪೀಸು ಸಿಕ್ಕವು. ಎರಡನ್ನೂ ಸೇರಿಸಿ ಒಂದು ಶರ್ಟು ಹೊಲಿದರು. ಉಳಿದವು ಹೆಂಡತಿಯ ತಮ್ಮನಿಗೆ ಹೋದವು, ಅವನು ಕಡ್ಡಿ. ಹೋದ ತಿಂಗಳು ಅಕ್ಕನ ಮಗಳು ಮದುವೆಯ ಬಟ್ಟೆ ತೆಗೆಯಲು ಹೋದವಳು ಅಂಗಡಿಯಿಂದಲೇ ಫೋನು ಮಾಡಿದಳು. "ಮಾಮಾ, ನಿಂಗೆ ಶರ್ಟಿಗೆ ಎಷ್ಟು ಹರಿಸ್ಲಿ?"

"ಎರಡೂಕಾಲು" ಅಂದೆ. "ಪ್ಯಾಂಟಿಗೆ ಒಂದೂವರೆ."