ಗಾಲಿ ಆನೆಗೆ ನೀರು ಸೋಕಿಸದೆ ಮಾಡಿದ ಸಂರಕ್ಷಣೆ

ಜರ್ಮನಿಯ ಗಿಂಗನ್ ಊರಿನ ಮಾರ್ಗರೆಟೆ ಸ್ಟೈಫ್ 1880ರಲ್ಲಿ ಫೆಲ್ಟ್ ಬಟ್ಟೆಯಿಂದ (ಉಣ್ಣೆಯನ್ನು ನೇಯದೆ ಒತ್ತಿ ಮಾಡಿದ ಬಟ್ಟೆ) ಹೊಲಿದ ಆನೆ ಸೂಜಿ ಚುಚ್ಚಿಡುವ ಪುಟ್ಟ ದಿಂಬಾಗಿತ್ತು. ಮಕ್ಕಳು ಅದನ್ನೇ ಆಟಿಕೆ ಮಾಡಿಕೊಂಡರು. ಮುಂದೆ ಆನೆ ದೊಡ್ಡದಾಯಿತು, ಕಾಲಿಗೆ ಗಾಲಿಯೂ ಬಂತು. ನಾನು ಸಂರಕ್ಷಣೆಯ ಕೆಲಸ ಮಾಡಿದ್ದು ಸ್ಟೈಫ್ ಕಾರ್ಖಾನೆಯ ಅಂಥದೇ ಒಂದು ಗಾಲಿ ಆನೆಯ ಮೇಲೆ. ಹೊರಗೆ ಬೂದು ಉಣ್ಣೆಯ ಫೆಲ್ಟ್, ಒಳಗೆ ನೂಲಿನಷ್ಟು ಸಣ್ಣಗೆ ಹೆರೆದ ಮರದ ಎಳೆ, ಕಾಲೊಳಗೆ ಕಬ್ಬಿಣದ ಸರಳು, ಕೆಳಗೆ ಎರಕದ ಗಾಲಿ. ಒಂದಕ್ಕೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಕೆಟ್ಟದ್ದು. ಕಷ್ಟವೆಲ್ಲ ಇರುವುದು ಅಲ್ಲೇ.

ಮೊದಲು ಹುಳು. ಟಾರ್ಚನ್ನು ಓರೆಯಾಗಿ ಹಿಡಿದು ಹೊಲಿಗೆಗಳ ಉದ್ದಕ್ಕೂ ನೋಡಬೇಕು. ಉಣ್ಣೆ ತಿನ್ನುವ ಹುಳು ಹತ್ತಿಯ ದಾರವನ್ನು ಬಿಟ್ಟಿರುತ್ತದೆ. ಸುತ್ತಲಿನ ಫೆಲ್ಟ್ ಸವೆದು, ಹೊಲಿಗೆ ಮಾತ್ರ ಏಣಿಯ ಮೆಟ್ಟಿಲಿನಂತೆ ಉಳಿದಿದ್ದರೆ ಅದು ಹುಳುವಿನದೇ ಕೆಲಸ. ಹುಳು ಚಳಿಗೆ ಸಾಯಲೆಂದು ಆನೆಯನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ, ಎರಡು ಪದರ ಪಾಲಿಥೀನ್ ಹಾಕಿ, ಗಾಳಿ ಹೊರಗೆ ಒತ್ತಿ, ಅಂಟುಪಟ್ಟಿಯಿಂದ ಮುಚ್ಚಿ, ಮೈನಸ್ 30 ಡಿಗ್ರಿಯಲ್ಲಿ 3 ದಿನ ಇಟ್ಟೆ. ಮೈನಸ್ 20ರ ಸಾಮಾನ್ಯ ಫ್ರೀಜರ್ ಆದರೆ 2 ವಾರ ಇಡಿ. ಹೊರಗೆ ತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು. ಅವಸರಪಟ್ಟರೆ ಗಾಳಿಯ ತೇವ ತಣ್ಣನೆಯ ಕಬ್ಬಿಣದ ಮೇಲೆ ಹನಿಗಟ್ಟಿ, ಪಾದದ ಫೆಲ್ಟಿಗೆ ತುಕ್ಕಿನ ಕಲೆ ಹತ್ತುತ್ತದೆ. ಆ ಕಲೆ ಹೋಗುವುದಿಲ್ಲ.

ಧೂಳು ತೆಗೆಯಲು ವ್ಯಾಕ್ಯೂಮ್ ಕೊಳವೆಯ ಬಾಯಿಗೆ ನೈಲಾನ್ ಬಲೆ ಕಟ್ಟಿ, ಅತಿ ಕಡಿಮೆ ಸೆಳೆತದಲ್ಲಿಟ್ಟು, ಮೆತ್ತನೆಯ ಕುಂಚದಿಂದ ಧೂಳನ್ನು ಅದರ ಕಡೆಗೆ ಸರಿಸಿದೆ. ಒದ್ದೆ ಬಟ್ಟೆಯಿಂದ ಒರೆಸಲೇಬೇಡಿ. ನೀರು ಒಳಗಿಳಿದರೆ ಮರದ ಎಳೆಯ ಕಂದು ಬಣ್ಣವನ್ನು ಹೊರಗೆಳೆದು ತರುತ್ತದೆ. ಹೊಟ್ಟೆಯೊಳಗೆ ದಿನಗಟ್ಟಲೆ ಒಣಗುವುದೂ ಇಲ್ಲ.

ಎಡ ಮುಂಗಾಲಿನಲ್ಲಿ 4 ಸೆಂಟಿಮೀಟರ್ ಹೊಲಿಗೆ ಬಿಟ್ಟುಹೋಗಿ ಒಳಗಿನ ಮರದ ಎಳೆಗಳು ಹೊರಬಂದಿದ್ದವು. ಹೊಸದೇನನ್ನೂ ತುರುಕಲಿಲ್ಲ, ತುಂಬಿದಷ್ಟೂ ಬಿಗಿತ ಹೆಚ್ಚಿ ಪಕ್ಕದ ಹೊಲಿಗೆ ಹರಿಯುತ್ತದೆ. ಇದ್ದ ಎಳೆಗಳನ್ನೇ ಬಿದಿರುಕಡ್ಡಿಯಿಂದ ಒಳಗೆ ಸೇರಿಸಿ, ಬಣ್ಣ ಹಾಕಿದ ಹತ್ತಿಬಟ್ಟೆಯ ತುಂಡನ್ನು ಕೆಳಗೆ ಜಾರಿಸಿ, ಬಾಗುಸೂಜಿಯಲ್ಲಿ ಹಳೆಯ ತೂತುಗಳ ಮೂಲಕವೇ ಹೊಲಿದೆ. ಮೇಲೆ ಬೂದು ನೈಲಾನ್ ಬಲೆಯ ಹೊದಿಕೆ. ಬಲೆಯ ಬಣ್ಣವನ್ನು ಪ್ರದರ್ಶನದ ದೀಪದಡಿಯಲ್ಲೇ ಹೊಂದಿಸಿ ನೋಡಬೇಕು. ಟ್ಯೂಬ್‌ಲೈಟಿನಲ್ಲಿ ಒಂದೇ ಆಗಿ ಕಂಡದ್ದು ಅಲ್ಲಿ ಹಸಿರಾಗಿ ಎದ್ದು ಕಾಣಬಹುದು. ಅಂಟು ಬೇಡವೇ ಬೇಡ: ಫೆಲ್ಟಿನೊಳಗೆ ಇಳಿದು ಗಟ್ಟಿಯಾದರೆ ಮತ್ತೆ ಬಿಡಿಸಲಾಗದು.

ಗಾಲಿ ಮತ್ತು ಪಾದದ ನಡುವೆ ಪಾಲಿಯೆಸ್ಟರ್ ಹಾಳೆ ಇಟ್ಟು, ಸಡಿಲ ತುಕ್ಕನ್ನು ಮಾತ್ರ ಕಡ್ಡಿಯಿಂದ ಉದುರಿಸಿ, ಮೈಕ್ರೋಕ್ರಿಸ್ಟಲಿನ್ ಮೇಣವನ್ನು (ಲೋಹಕ್ಕೆ ತೇವ ತಾಗದಂತೆ ತಡೆಯುವ ಮೇಣ) ತೆಳ್ಳಗೆ ಸವರಿದೆ. ಗಾಲಿಯ ಅಚ್ಚಿಗೆ ಎಣ್ಣೆ ಹಾಕಿದರೆ ಅದು ಸರಳಿನ ಮೇಲೆ ಹತ್ತಿ ಫೆಲ್ಟಿಗೆ ಹರಡುತ್ತದೆ. ಉರುಳಿಸಿ ನೋಡುವ ಆಸೆಯನ್ನೂ ಬಿಡಬೇಕು.

ಭಾರವೆಲ್ಲ ಪಾದದ ಹೊಲಿಗೆಯ ಮೇಲೆ ಬೀಳದಂತೆ ಹೊಟ್ಟೆಯ ಕೆಳಗೆ ಪಾಲಿಥೀನ್ ಫೋಮನ್ನು ಮೈಗೆ ತಕ್ಕಂತೆ ಕೆತ್ತಿ, ತೊಳೆದ ಬಿಳಿ ಹತ್ತಿಬಟ್ಟೆ ಹೊದಿಸಿದ ಆಸರೆ ಕೊಟ್ಟೆ. ಗಾಲಿ ನೆಲದಿಂದ 2 ಮಿಲಿಮೀಟರ್ ಮೇಲಿದ್ದರೆ ಸಾಕು, ನೋಡುವವರಿಗೆ ತಿಳಿಯುವುದಿಲ್ಲ. ಬೆಳಕು 50 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಮೀರಬಾರದು. ಕಿವಿಯಲ್ಲಿರುವ, ಸ್ಟೈಫ್ ಆಟಿಕೆಗಳಿಗೆ 1904ರಿಂದ ಗುರುತಾಗಿ ಬಂದ ಲೋಹದ ಗುಂಡಿಯನ್ನು ನಾನು ಉಜ್ಜಲಿಲ್ಲ. ಪಾಲಿಶ್ ಮಾಡಿದರೆ ಮೂಲ ಮೇಲ್ಪದರವೇ ಸವೆದುಹೋಗುತ್ತದೆ.